ಹೊಲದ ದಾಖಲೆಗಳ ಶೇಖರಣೆ: ಕಡತದಿಂದ ಕೈಫೋನಿನವರೆಗೆ

ಬೀಜವನ್ನು ಮುಂದಿನ ಹಂಗಾಮಿನವರೆಗೆ ಕೆಡದಂತೆ ಇಡುವ ಕೆಲಸವನ್ನು ರೈತರಿಗೆ ಯಾರೂ ಕಲಿಸಬೇಕಾಗಿಲ್ಲ. ಚೆನ್ನಾಗಿ ಒಣಗಿಸಿ, ಬೂದಿ ಬೆರೆಸಿ, ಬೇವಿನ ಸೊಪ್ಪು ಹಾಕಿ, ವಾಡೆಯಲ್ಲೋ ಮಡಕೆಯಲ್ಲೋ ತುಂಬಿ, ಬಾಯಿಗೆ ಸಗಣಿ ಮೆತ್ತಿ ಇಡುವ ಪದ್ಧತಿ ತಲೆಮಾರುಗಳಿಂದ ಬಂದಿದೆ. ಈಚಿನ ವರ್ಷಗಳಲ್ಲಿ ರೈತನ ಮನೆಯಲ್ಲಿ ಬೀಜದಷ್ಟೇ ಜೋಪಾನ ಬೇಡುವ ಇನ್ನೊಂದು ವಸ್ತು ಸೇರಿಕೊಂಡಿದೆ. ಅದು ಮಾಹಿತಿ. ಪಹಣಿ, ಮಣ್ಣು ಪರೀಕ್ಷೆಯ ಫಲಿತಾಂಶ, ಬೀಜದ ಅಂಗಡಿಯ ರಸೀದಿ, ಬೆಳೆಹಾನಿಯ ಚಿತ್ರ, ವಿಮೆಯ ಅರ್ಜಿಯ ಸಂಖ್ಯೆ, ಬ್ಯಾಂಕಿನ ಸಂದೇಶ ಇವೆಲ್ಲ ಇಂದು ಬಹುಪಾಲು ಒಂದೇ ಫೋನಿನೊಳಗೆ ಇರುತ್ತವೆ. ಆ ಫೋನು ಬಾವಿಗೆ ಬಿದ್ದರೆ, ಸಂತೆಯಲ್ಲಿ ಕಳೆದರೆ, ಅಥವಾ ಏನೂ ಆಗದೆ ಒಂದು ಬೆಳಿಗ್ಗೆ ಸುಮ್ಮನೆ ಹೊತ್ತಿಕೊಳ್ಳದಿದ್ದರೆ, ಐದಾರು ವರ್ಷಗಳ ಲೆಕ್ಕ ಒಂದೇ ದಿನಕ್ಕೆ ಇಲ್ಲವಾಗುತ್ತದೆ. ಗಣಕಯಂತ್ರವನ್ನು ಎಂದೂ ಮುಟ್ಟದ ರೈತನೂ ಅದರ ಶೇಖರಣಾ ವಿಧಾನವನ್ನು ಸ್ವಲ್ಪ ಅರಿತಿರುವುದು ಈಗ ಅಗತ್ಯವಾಗಿದೆ.

ಹಳೆಯ ಕಡತ, ಹೊಸ ಭೂಮಿ

ಕಚೇರಿಯ ದಾಖಲೆಗೆ ಇಂದು ಬಳಸುವ 'ಕಡತ' ಎಂಬ ಮಾತು ಮೂಲತಃ ಒಂದು ಶೇಖರಣಾ ಸಾಧನದ ಹೆಸರು. ಬಟ್ಟೆಗೆ ಹುಣಸೆಬೀಜದ ಸರಿ ಮತ್ತು ಇದ್ದಿಲ ಪುಡಿಯನ್ನು ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಅದರ ಕಪ್ಪು ಮೈಮೇಲೆ ಬಳಪದಿಂದ ಬರೆಯುತ್ತಿದ್ದರು. ಶಾನುಭೋಗರ ಕಂದಾಯದ ಲೆಕ್ಕ ಇಂತಹ ಕಡತಗಳಲ್ಲಿರುತ್ತಿತ್ತು. ಅದರ ಅನುಕೂಲವೆಂದರೆ ಅಳಿಸಿ ಮತ್ತೆ ಬರೆಯಬಹುದು. ಅದರ ಅಪಾಯವೂ ಅದೇ. ಇಂದಿನ ಮೆಮೊರಿ ಕಾರ್ಡಿಗೂ ಈ ಎರಡು ಮಾತು ಹಾಗೆಯೇ ಸಲ್ಲುತ್ತವೆ.

ವಂಶಪಾರಂಪರ್ಯ ಗ್ರಾಮಾಧಿಕಾರಗಳನ್ನು ರದ್ದುಗೊಳಿಸುವ ಕಾಯ್ದೆ ನಮ್ಮ ರಾಜ್ಯದಲ್ಲಿ 1961ರಲ್ಲಿ ಆಯಿತು. ಶಾನುಭೋಗರ ಸ್ಥಾನಕ್ಕೆ ಸರ್ಕಾರದ ಗ್ರಾಮಲೆಕ್ಕಿಗರು ಬಂದರು. ಆದರೂ ಪಹಣಿ ಮಾತ್ರ ಮತ್ತೆ ನಾಲ್ಕು ದಶಕಗಳ ಕಾಲ ಕೈಬರಹದಲ್ಲೇ, ಒಬ್ಬರೇ ಅಧಿಕಾರಿಯ ವಶದಲ್ಲೇ ಉಳಿಯಿತು. ಅವರು ಊರಿನಲ್ಲಿಲ್ಲದಿದ್ದರೆ ರೈತನಿಗೆ ಸಾಲವೂ ಇಲ್ಲ, ಜಾಮೀನೂ ಇಲ್ಲ. 2000ದ ಆಸುಪಾಸಿನಲ್ಲಿ 'ಭೂಮಿ' ಯೋಜನೆಯಡಿ ರಾಜ್ಯದ ಸುಮಾರು 2 ಕೋಟಿ ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಲಾಯಿತು. ಆಗಿದ್ದ 177 ತಾಲ್ಲೂಕುಗಳಲ್ಲೂ ಕೇಂದ್ರಗಳು ತೆರೆದವು. ಮೊದಲಲ್ಲಿ 15 ರೂಪಾಯಿ ಕೊಟ್ಟು ಯಾರು ಬೇಕಾದರೂ ಮುದ್ರಿತ ಪಹಣಿ ಪಡೆಯಬಹುದಾಗಿತ್ತು. ಕೈಬರಹದ ಪಹಣಿಗೆ ಮಾನ್ಯತೆ ನಿಂತಿತು. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲೇ ತೆಗೆದುಕೊಳ್ಳುವಂತೆ, ಸಿಬ್ಬಂದಿ ತಮ್ಮ ಬೆರಳಚ್ಚು ಒತ್ತಿಯೇ ಯಂತ್ರವನ್ನು ತೆರೆಯುವಂತೆ ವ್ಯವಸ್ಥೆ ಮಾಡಲಾಯಿತು. ಯಾರು ಯಾವಾಗ ಏನು ತಿದ್ದಿದರೆಂಬ ಗುರುತು ಉಳಿಯುವುದು ಕೈಬರಹದ ಪುಸ್ತಕದಲ್ಲಿ ಸಾಧ್ಯವಿರಲಿಲ್ಲ.

ಇಷ್ಟಾದರೂ ಒಂದು ಮಾತನ್ನು ಮರೆಯುವಂತಿಲ್ಲ. ಗಣಕಯಂತ್ರವು ಕೊಟ್ಟದ್ದನ್ನು ಇಟ್ಟುಕೊಳ್ಳುತ್ತದೆಯೇ ಹೊರತು ಸರಿಯೇ ತಪ್ಪೇ ಎಂದು ನೋಡುವುದಿಲ್ಲ. ಹಳೆಯ ಪುಸ್ತಕದಲ್ಲಿ ತೀರಿಕೊಂಡ ಅಜ್ಜನ ಹೆಸರಿದ್ದರೆ ಯಂತ್ರದಲ್ಲೂ ಅಜ್ಜನ ಹೆಸರೇ ಕುಳಿತಿತು. ಗುಂಟೆಯ ಲೆಕ್ಕ ತಪ್ಪಿದ್ದರೆ ಆ ತಪ್ಪು ಅಚ್ಚುಕಟ್ಟಾದ ಅಕ್ಷರಗಳಲ್ಲಿ ಅಚ್ಚಾಗಿ ಬಂತು. ಮುದ್ರಣವಾಗಿ ಬಂದದ್ದೆಲ್ಲ ಸರಿ ಎಂದು ನಂಬುವ ಸ್ವಭಾವ ಓದಿದವರಲ್ಲೂ ಉಂಟು. ರೈತರು ವರ್ಷಕ್ಕೊಮ್ಮೆಯಾದರೂ ಪಹಣಿ ತೆಗೆಸಿ 9ನೆಯ ಕಲಮಿನಲ್ಲಿ ಹೆಸರು ಮತ್ತು ವಿಸ್ತೀರ್ಣ, 11ರಲ್ಲಿ ಸಾಲ ಮತ್ತು ಇತರ ಹಕ್ಕುಗಳು, 12ರಲ್ಲಿ ಸಾಗುವಳಿ ಮತ್ತು ಬೆಳೆ ಸರಿಯಾಗಿವೆಯೇ ಎಂದು ಓದಿಸಿ ನೋಡಬೇಕು. ತೀರಿಸಿದ ಸಾಲ 11ನೆಯ ಕಲಮಿನಲ್ಲಿ ಹಾಗೇ ಉಳಿದಿರುವುದು ಅಪರೂಪವಲ್ಲ. ಮಗಳ ಮದುವೆಗೋ ಕೊಳವೆಬಾವಿಗೋ ಹಣ ಬೇಕಾದ ದಿನ ಅದು ಗೊತ್ತಾದರೆ ಮಾಡುವುದೇನೂ ಇರುವುದಿಲ್ಲ.

ಹಳೆಯ ಮೂಲಪತ್ರಗಳ ಸ್ಥಿತಿ ಬೇರೆ. ತಾಲ್ಲೂಕು ಕಚೇರಿಗಳ ಅಭಿಲೇಖಾಲಯಗಳಲ್ಲಿ ಗೆದ್ದಲು, ತೇವ, ಹರಿದ ಹಾಳೆ, ಕೆಲವೊಮ್ಮೆ ಕೈಚಳಕ ಇವುಗಳಿಗೆ ಸಿಕ್ಕಿದ್ದ ಕಾಗದಗಳನ್ನು ಚಿತ್ರರೂಪದಲ್ಲಿ ಸೆರೆಹಿಡಿದು ಇಡುವ 'ಭೂ ಸುರಕ್ಷಾ' ಕಾರ್ಯವನ್ನು ರಾಜ್ಯದ ಕಂದಾಯ ಇಲಾಖೆ 2024ರಲ್ಲಿ ಆರಂಭಿಸಿದೆ. ಮನೆಯಲ್ಲಿರುವ ಮಂಜೂರಾತಿ ಪತ್ರ, ಕ್ರಯಪತ್ರ, ವಿಭಾಗಪತ್ರಗಳಿಗೂ ಇದೇ ಕೆಲಸವನ್ನು ರೈತನೇ ಮಾಡಿಕೊಳ್ಳಬಹುದು. ಹೇಗೆಂಬುದನ್ನು ಮುಂದೆ ಹೇಳಿದೆ.

ಮಾಹಿತಿಯೂ ಮುಗ್ಗುತ್ತದೆ

ಬೀಜದ ಬಾಳಿಕೆಯ ಬಗ್ಗೆ ಬೀಜತಜ್ಞ ಹ್ಯಾರಿಂಗ್ಟನ್ ಕೊಟ್ಟ ಒಂದು ಸ್ಥೂಲ ಸೂತ್ರವಿದೆ. ಬೀಜದ ತೇವಾಂಶ ಶೇಕಡ 1ರಷ್ಟು ಇಳಿದರೆ ಅದರ ಆಯುಷ್ಯ ಎರಡುಪಟ್ಟಾಗುತ್ತದೆ. ಉಗ್ರಾಣದ ಉಷ್ಣತೆ 5 ಡಿಗ್ರಿ ಸೆಲ್ಸಿಯಸ್ ಇಳಿದರೂ ಎರಡುಪಟ್ಟಾಗುತ್ತದೆ. ಗಣಕಯಂತ್ರದ ಶೇಖರಣಾ ಸಾಧನಗಳಿಗೆ ಇಷ್ಟು ಸರಳ ಸೂತ್ರವಿಲ್ಲ. ಶಾಖ ಮತ್ತು ತೇವ ಮಾತ್ರ ಅವಕ್ಕೂ ಶತ್ರುಗಳೇ.

ಫೋನು, ಮೆಮೊರಿ ಕಾರ್ಡು, ಪೆನ್‌ಡ್ರೈವ್ ಈ ಮೂರರಲ್ಲೂ ಇರುವುದು ಒಂದೇ ಜಾತಿಯ ಚಿಪ್ಪು. ಅದರೊಳಗೆ ಕೋಟ್ಯಂತರ ಸೂಕ್ಷ್ಮ ಕೋಶಗಳಿರುತ್ತವೆ. ಪ್ರತಿ ಕೋಶವನ್ನೂ ಒಂದು ಪುಟ್ಟ ಹೊಂಡವೆಂದು ಭಾವಿಸಬಹುದು. ಹೊಂಡದಲ್ಲಿ ನೀರಿನ ಬದಲು ವಿದ್ಯುದಂಶ ತುಂಬಿರುತ್ತದೆ. ಎಷ್ಟು ತುಂಬಿದೆ ಎಂಬ ಮಟ್ಟವನ್ನು ನೋಡಿಯೇ ಯಂತ್ರವು ಒಳಗೆ ಬರೆದಿರುವುದನ್ನು ಓದುತ್ತದೆ. ಮೊದಲಿನ ಚಿಪ್ಪುಗಳಲ್ಲಿ ಹೊಂಡ ತುಂಬಿದೆ ಅಥವಾ ಬರಿದಾಗಿದೆ ಎಂಬ ಎರಡೇ ಮಟ್ಟಗಳಿದ್ದವು. ಕಡಿಮೆ ಜಾಗದಲ್ಲಿ ಹೆಚ್ಚು ತುಂಬಿಸಲು ಈಗ ಒಂದೇ ಹೊಂಡದಲ್ಲಿ ಎಂಟು, ಕೆಲವದರಲ್ಲಿ ಹದಿನಾರು ಮಟ್ಟಗಳನ್ನು ಗುರುತಿಸುತ್ತಾರೆ. ತಾಡಪಾಲು ಹಾಸಿದ ಕೃಷಿಹೊಂಡದಲ್ಲೂ ನೀರು ಸ್ವಲ್ಪ ಸ್ವಲ್ಪ ಇಂಗುವಂತೆ, ಕೋಶದ ವಿದ್ಯುದಂಶವೂ ವರ್ಷಗಳಲ್ಲಿ ಸೋರುತ್ತದೆ. ಶಾಖವಿದ್ದಲ್ಲಿ ಬೇಗ ಸೋರುತ್ತದೆ. ಮತ್ತೆ ಮತ್ತೆ ಬರೆದು ಅಳಿಸಿ ಸವೆದ ಚಿಪ್ಪಿನಲ್ಲಿ ಇನ್ನೂ ಬೇಗ. ಮಟ್ಟಗಳು ಹೆಚ್ಚಿದ್ದಷ್ಟೂ ಸ್ವಲ್ಪ ಸೋರಿಕೆಯಿಂದಲೇ ಓದು ತಪ್ಪುತ್ತದೆ. ಆಗಾಗ ವಿದ್ಯುತ್ ಸಿಗುವ ಸಾಧನದಲ್ಲಿ ಯಂತ್ರವು ತಾನೇ ನೋಡಿ ಸರಿಪಡಿಸಿಕೊಳ್ಳುವುದುಂಟು. ಗೋಡೆಯ ಬೀರುವಿನಲ್ಲಿ ಹತ್ತು ವರ್ಷ ಬಿದ್ದ ಪೆನ್‌ಡ್ರೈವಿಗೆ ಆ ಅವಕಾಶವಿಲ್ಲ. ಜಮೀನಿನ ಪತ್ರಗಳ ಏಕೈಕ ಪ್ರತಿಯನ್ನು ಪೆನ್‌ಡ್ರೈವಿನಲ್ಲಿಟ್ಟು ಟ್ರಂಕಿನಲ್ಲಿ ಬೀಗ ಹಾಕುವುದು ಹುಳ ಬಿದ್ದ ಬೀಜವನ್ನು ಜೋಪಾನ ಮಾಡಿದಂತೆ.

ಗಣಕಯಂತ್ರದ ಹಾರ್ಡ್‌ಡಿಸ್ಕಿನಲ್ಲಿ ತಿರುಗುವ ತಟ್ಟೆಗಳಿದ್ದು, ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗುತ್ತವೆ. ಬರೆಯುವ ಸೂಜಿಗೂ ತಟ್ಟೆಗೂ ನಡುವೆ ಇರುವ ಅಂತರ ಒಂದು ಧೂಳಿನ ಕಣಕ್ಕಿಂತ ಎಷ್ಟೋ ಕಡಿಮೆ. ಬೆಲೆಗೆ ಹೋಲಿಸಿದರೆ ಹೆಚ್ಚು ಜಾಗ ಕೊಡುವುದು ಇದೇ. ಆದರೆ ತಿರುಗುತ್ತಿರುವಾಗ ಕೆಳಗೆ ಬಿದ್ದರೆ ಮುಗಿಯಿತು. ಸಿ.ಡಿ., ಡಿ.ವಿ.ಡಿ.ಗಳ ಬಣ್ಣದ ಪದರ ಬಿಸಿಲಿಗೆ ಮಾಸುತ್ತದೆ. ಈಗ ಅವನ್ನು ಓದುವ ಯಂತ್ರ ಸಿಗುವುದೂ ಕಷ್ಟ. ಒಂದು ಕಾಲದಲ್ಲಿ ಕಚೇರಿಗಳೆಲ್ಲ ನಂಬಿದ್ದ ಫ್ಲಾಪಿ ಇದಕ್ಕೆ ಒಳ್ಳೆಯ ಉದಾಹರಣೆ. ಮೂರೂವರೆ ಅಂಗುಲದ ಫ್ಲಾಪಿಯಲ್ಲಿ 1.44 ಮೆಗಾಬೈಟ್ ಮಾತ್ರ ಹಿಡಿಯುತ್ತಿತ್ತು, ಅಂದರೆ ಇಂದಿನ ಫೋನಿನ ಒಂದು ಚಿತ್ರಕ್ಕೂ ಸಾಲದಷ್ಟು. ಅದರಲ್ಲಿ ಬರೆದಿಟ್ಟದ್ದು ಕೆಡದೆ ಉಳಿದಿದ್ದರೂ ಅದನ್ನು ತೆರೆಯುವ ಪೆಟ್ಟಿಗೆಯೇ ಇಲ್ಲ.

ಕಾಗದದ ಮಾತು ಬಂದರೆ, ಒಳ್ಳೆಯ ಕಾಗದ ಮತ್ತು ಒಳ್ಳೆಯ ಮಸಿ ಇವೆಲ್ಲವನ್ನೂ ಮೀರಿ ಬಾಳುತ್ತವೆ. ಗೊಬ್ಬರ, ಬೀಜದ ಅಂಗಡಿಗಳ ಚಿಕ್ಕ ಯಂತ್ರದಿಂದ ಬರುವ ನುಣುಪಾದ ಚೀಟಿ ಮಾತ್ರ ಈ ಜಾತಿಯದಲ್ಲ. ಅದರಲ್ಲಿ ಮಸಿಯೇ ಇಲ್ಲ. ಶಾಖಕ್ಕೆ ಕಪ್ಪಾಗುವ ಲೇಪವಿರುವ ಕಾಗದದ ಮೇಲೆ ಯಂತ್ರವು ಬಿಸಿಯಿಂದ ಅಕ್ಷರ ಮೂಡಿಸುತ್ತದೆ. ಕೆಲವು ತಿಂಗಳಲ್ಲಿ ಅಕ್ಷರ ಮಾಸಿ ಬಿಳಿ ಹಾಳೆ ಉಳಿಯುತ್ತದೆ. ಹೀಗಾಗದಿರಲೆಂದು ಲ್ಯಾಮಿನೇಷನ್ ಮಾಡಿಸಹೋದರೆ ಆ ಬಿಸಿಗೆ ಚೀಟಿಯೆಲ್ಲ ಕಪ್ಪಾಗುತ್ತದೆ. ಕೊಂಡ ದಿನವೇ ಜೆರಾಕ್ಸ್ ತೆಗೆಸಬೇಕು ಇಲ್ಲವೇ ಚಿತ್ರ ತೆಗೆದುಕೊಳ್ಳಬೇಕು. ಮೊಳಕೆ ಸರಿಯಾಗಿ ಬರದ ಬೀಜದ ಬಗ್ಗೆ ದೂರು ಕೊಡುವಾಗ ರಸೀದಿ, ಚೀಲದ ಮೇಲಿನ ಲಾಟ್ ಸಂಖ್ಯೆಯ ಚೀಟಿ, ಸಾಧ್ಯವಾದರೆ ಚೀಲದಲ್ಲಿ ಉಳಿದ ಒಂದು ಹಿಡಿ ಬೀಜ, ಈ ಮೂರೂ ಕೈಯಲ್ಲಿರಬೇಕು. ಇವಿಲ್ಲದೆ ಮಾಡಿದ ದೂರು ನಿಲ್ಲುವುದು ಕಷ್ಟ.

ಒಂದೇ ಕಣಜದಲ್ಲಿ ಎಲ್ಲ ಬೀಜ ಬೇಡ

ಸಾಧನ ಯಾವುದಾದರೂ ಒಂದಲ್ಲ ಒಂದು ದಿನ ಕೆಡುವುದೇ. ಎಂದಿಗೂ ಕೆಡದ ಸಾಧನವನ್ನು ಹುಡುಕುವ ಬದಲು, ಒಂದು ಕೆಟ್ಟಾಗ ಇನ್ನೊಂದು ಉಳಿದಿರುವಂತೆ ನೋಡಿಕೊಳ್ಳಬೇಕು. ಇದಕ್ಕೆ ಕೃಷಿರಂಗದಲ್ಲೇ ಒಂದು ದೊಡ್ಡ ನಿದರ್ಶನವಿದೆ. ಒಣ ಪ್ರದೇಶಗಳ ಬೆಳೆಗಳನ್ನು ಕುರಿತು ಸಂಶೋಧನೆ ನಡೆಸುವ 'ಇಕಾರ್ಡ' ಸಂಸ್ಥೆಯ ಬೀಜಭಂಡಾರವು ಸಿರಿಯಾ ದೇಶದ ಅಲೆಪ್ಪೊ ನಗರದ ಬಳಿ ಇತ್ತು. ಗೋಧಿ, ಬಾರ್ಲಿ, ಕಡಲೆ, ಮಸೂರಗಳ ಸಾವಿರಾರು ತಳಿಗಳು ಅಲ್ಲಿದ್ದವು. ಯುದ್ಧ ಬಂದು ಭಂಡಾರಕ್ಕೆ ಹೋಗುವುದೇ ಅಸಾಧ್ಯವಾಯಿತು. ಆದರೆ ಸಂಸ್ಥೆಯವರು ಅದಕ್ಕೆ ಮೊದಲೇ ಆ ತಳಿಗಳ ಪ್ರತಿಗಳನ್ನು ನಾರ್ವೆಗೆ ಸೇರಿದ ಸ್ವಾಲ್‌ಬಾರ್ಡ್ ದ್ವೀಪದ ಬೀಜಕೋಠಿಗೆ ಕಳಿಸಿದ್ದರು. 2008ರಲ್ಲಿ ಆರಂಭವಾದ ಆ ಕೋಠಿಯಲ್ಲಿ ಹಿಮಗಟ್ಟಿದ ಬೆಟ್ಟದೊಳಗೆ ಬೀಜಗಳನ್ನು ಸೊನ್ನೆಗಿಂತ 18 ಡಿಗ್ರಿ ಕೆಳಗಿನ ಶೈತ್ಯದಲ್ಲಿ ಇಡುತ್ತಾರೆ. 2015ರಲ್ಲಿ ಅಲ್ಲಿಂದ ಬೀಜ ಹಿಂತೆಗೆದು, ಲೆಬನಾನ್ ಮತ್ತು ಮೊರಾಕೊ ದೇಶಗಳಲ್ಲಿ ಬಿತ್ತಿ ಬೆಳೆಸಿ, 2017ರಲ್ಲಿ ಹೊಸ ಬೀಜವನ್ನು ಮತ್ತೆ ಅದೇ ಕೋಠಿಗೆ ಮರಳಿಸಿದರು. ಕೋಠಿ ಆರಂಭವಾದ ಮೇಲೆ ಅಲ್ಲಿಂದ ಬೀಜ ತೆಗೆದದ್ದು ಅದೇ ಮೊದಲು.

ರೈತನ ದಾಖಲೆಗೆ ನಾರ್ವೆಯವರೆಗೆ ಹೋಗಬೇಕಾಗಿಲ್ಲ. ಗಣಕಯಂತ್ರ ಬಳಸುವವರು ಮೂರು–ಎರಡು–ಒಂದು ಎಂಬ ಲೆಕ್ಕ ಹೇಳುತ್ತಾರೆ. ಮುಖ್ಯ ದಾಖಲೆಗೆ ಮೂರು ಪ್ರತಿಗಳಿರಬೇಕು. ಅವು ಎರಡು ಬೇರೆ ಜಾತಿಯ ಸಾಧನಗಳಲ್ಲಿರಬೇಕು. ಒಂದಾದರೂ ಮನೆಯಿಂದ ಹೊರಗೆ ಇರಬೇಕು. ಹಳ್ಳಿಯ ಮನೆಗೆ ಇದನ್ನು ಅನ್ವಯಿಸುವುದು ಸುಲಭ. ಮೂಲ ಕಾಗದ ಮನೆಯಲ್ಲಿ, ಅದರ ಚಿತ್ರ ಫೋನಿನಲ್ಲಿ, ಇನ್ನೊಂದು ಪ್ರತಿ ಅಂತರಜಾಲದ ಖಾತೆಯಲ್ಲಿ ಅಥವಾ ಬೇರೆ ಊರಿನಲ್ಲಿರುವ ಮಗಳ ಮನೆಯ ಗಣಕಯಂತ್ರದಲ್ಲಿ. ಮನೆಗೆ ಬೆಂಕಿ ಬಿದ್ದರೆ ಅಥವಾ ಹೊಳೆ ಬಂದರೆ ಟ್ರಂಕು, ಫೋನು ಎರಡೂ ಒಟ್ಟಿಗೆ ಹೋಗಬಹುದಾದ್ದರಿಂದ ಮೂರನೆಯದು ಮುಖ್ಯ. 2019ರ ಆಗಸ್ಟಿನಲ್ಲಿ ಬೆಳಗಾವಿ, ಬಾಗಲಕೋಟೆ, ಕೊಡಗು ಮುಂತಾದ ಕಡೆ ನೆರೆ ಬಂದಾಗ ಮನೆಯೊಂದಿಗೆ ಕಾಗದಪತ್ರಗಳನ್ನೂ ಕಳೆದುಕೊಂಡ ಕುಟುಂಬಗಳ ಪಾಡು ಎಲ್ಲರಿಗೂ ತಿಳಿದಿದೆ.

ಅಂತರಜಾಲದ ಖಾತೆಯೆಂದರೆ ದೂರದ ಊರಿನ ಗೋದಾಮಿನಲ್ಲಿ ಜಾಗ ಬಾಡಿಗೆ ಪಡೆದಂತೆ. ಬಾಡಿಗೆ ಇಲ್ಲದಿದ್ದರೂ ಷರತ್ತುಗಳಿರುತ್ತವೆ. ಗೂಗಲ್ ಖಾತೆಯಲ್ಲಿ ಉಚಿತವಾಗಿ ದೊರೆಯುವುದು 15 ಗಿಗಾಬೈಟ್. 2021ರ ಜೂನ್‌ನಿಂದ ಚಿತ್ರಗಳೂ ಈ ಲೆಕ್ಕಕ್ಕೆ ಸೇರುತ್ತವೆ. ಎರಡು ವರ್ಷ ತೆರೆಯದೇ ಬಿಟ್ಟ ಖಾತೆಯನ್ನು ಅಳಿಸಿಹಾಕುವ ಅಧಿಕಾರವನ್ನು ಆ ಕಂಪನಿ ಇಟ್ಟುಕೊಂಡಿದೆ. ಸರ್ಕಾರದ 'ಡಿಜಿಲಾಕರ್' 2015ರಿಂದ ಇದೆ. ಅದರಲ್ಲಿ ಇಲಾಖೆಯೇ ನೇರವಾಗಿ ಕೊಟ್ಟ ದಾಖಲೆಗೆ ಮೂಲಪ್ರತಿಯಷ್ಟೇ ಕಾನೂನಿನ ಮಾನ್ಯತೆ ಇದೆ. ರೈತನೇ ಚಿತ್ರ ತೆಗೆದು ಏರಿಸಿದ್ದಕ್ಕೆ ಆ ಮಾನ್ಯತೆ ಇಲ್ಲ. ಈ ವ್ಯತ್ಯಾಸ ಅನೇಕರಿಗೆ ತಿಳಿಯದು.

ವಾಟ್ಸಾಪ್ ಅನ್ನು ಗೋದಾಮೆಂದು ತಿಳಿಯಬಾರದು. ಅದರ ಮೂಲಕ ಸಾಮಾನ್ಯ ರೀತಿಯಲ್ಲಿ ಕಳಿಸಿದ ಚಿತ್ರ ಕುಗ್ಗುತ್ತದೆ. ಚಿತ್ರ ತೆಗೆದ ದಿನಾಂಕ, ಸ್ಥಳಗಳ ಗುರುತು ಮೂಲಚಿತ್ರದೊಳಗೆ ಅಡಗಿರುತ್ತದೆ, ಅದೂ ಅಳಿಸಿಹೋಗುತ್ತದೆ. ಬೆಳೆಹಾನಿಯ ಚಿತ್ರಕ್ಕೆ ಆ ಗುರುತೇ ಸಾಕ್ಷಿ. ಇಂತಹ ಚಿತ್ರವನ್ನು ಫೋಟೋ ಎಂದು ಕಳಿಸದೆ ಡಾಕ್ಯುಮೆಂಟ್ ಎಂದು ಆರಿಸಿ ಕಳಿಸಿದರೆ ಇದ್ದಂತೆಯೇ ಹೋಗುತ್ತದೆ. ಮೂಲಚಿತ್ರವನ್ನು ಪರಿಹಾರ ಕೈಸೇರುವವರೆಗೆ ಫೋನಿನಿಂದ ಅಳಿಸಬಾರದು.

ಪ್ರತಿ ತೆಗೆಯಲು ಒಂದು ದಿನ ಗೊತ್ತುಮಾಡಿಕೊಳ್ಳುವುದು ಮೇಲು. ಆಯುಧಪೂಜೆಯಂದು ನೇಗಿಲು, ಪಂಪು, ಟ್ರ್ಯಾಕ್ಟರುಗಳನ್ನು ತೊಳೆಯುವಾಗ ಫೋನಿನೊಳಗಿನ ಕಸವನ್ನೂ ತೊಳೆದು, ಬೇಕಾದುದರ ಪ್ರತಿ ತೆಗೆದಿಡಬಹುದು. ಯುಗಾದಿಗೆ ಇನ್ನೊಮ್ಮೆ. ಪ್ರತಿ ತೆಗೆದರೆ ಸಾಲದು, ಅದು ತೆರೆಯುತ್ತದೆಯೇ ಎಂದು ನೋಡಬೇಕು. ಬಿತ್ತುವ ಮೊದಲು ನೂರು ಕಾಳು ಎಣಿಸಿ ಗೋಣಿತಟ್ಟಿನಲ್ಲಿ ಸುತ್ತಿ ಮೊಳಕೆ ಪರೀಕ್ಷೆ ಮಾಡುವ ರೈತರಿಗೆ ಇದರ ಅಗತ್ಯವನ್ನು ವಿವರಿಸಬೇಕಾಗಿಲ್ಲ.

ಏನನ್ನು ಬರೆದಿಡಬೇಕು?

ಎಲ್ಲವನ್ನೂ ಇಡಬೇಕೆಂದು ಹೊರಟರೆ ಏನೂ ಸಿಗುವುದಿಲ್ಲ. ಬೆಳಗಿನ ಶುಭಾಶಯದ ಚಿತ್ರಗಳ ರಾಶಿಯಲ್ಲಿ ಮಣ್ಣು ಪರೀಕ್ಷೆಯ ಚೀಟಿ ಹೂತುಹೋಗಿರುವ ಫೋನುಗಳೇ ಹೆಚ್ಚು. ಫೋನಿನಲ್ಲಿ ತೆಗೆದ ಒಂದು ಚಿತ್ರ ಸುಮಾರು 4 ಮೆಗಾಬೈಟ್ ಇರುತ್ತದೆ. ಯಂತ್ರದಲ್ಲಿ ಬರೆದಿಟ್ಟ ಕನ್ನಡದ ಒಂದೊಂದು ಚಿಹ್ನೆ 3 ಬೈಟ್ ತೆಗೆದುಕೊಳ್ಳುತ್ತದೆ. 'ಕೃ' ಎಂಬಲ್ಲಿ ಎರಡು ಚಿಹ್ನೆಗಳಿರುವುದರಿಂದ 6 ಬೈಟ್. ಪುಟವೊಂದಕ್ಕೆ 2000 ಚಿಹ್ನೆಗಳೆಂದು ಹಿಡಿದರೆ 6 ಸಾವಿರ ಬೈಟ್ ಆಯಿತು. ಒಂದು ಚಿತ್ರದ ಜಾಗದಲ್ಲಿ ಸುಮಾರು 650 ಪುಟಗಳ ಬರಹ ಹಿಡಿಯುತ್ತದೆ. ಒಂದು ಒಕ್ಕಲುತನದ ಐವತ್ತು ವರ್ಷದ ಲೆಕ್ಕ ಅಷ್ಟರಲ್ಲೇ ಆಗಬಹುದು.

ಮಳೆಯಾದ ದಿನ ಮತ್ತು ಪ್ರಮಾಣ, ಬಿತ್ತಿದ ದಿನ, ತಳಿ, ಬೀಜದ ಮೂಲ, ಹಾಕಿದ ಗೊಬ್ಬರ, ಸಿಂಪಡಿಸಿದ ಔಷಧ ಮತ್ತು ಅದರ ಪ್ರಮಾಣ, ಆಳಿನ ಖರ್ಚು, ಇಳುವರಿ, ಮಾರಿದ ಬೆಲೆ, ಇಷ್ಟನ್ನು ಸರ್ವೆ ನಂಬರುವಾರು ಬರೆದರೆ ಸಾಕು. ಮಣ್ಣು ಆರೋಗ್ಯ ಚೀಟಿಯಲ್ಲಿ (ಈ ಯೋಜನೆ 2015ರಲ್ಲಿ ಬಂತು) ರಸಸಾರ, ಸಾವಯವ ಇಂಗಾಲ, ಸಾರಜನಕ, ರಂಜಕ, ಪೊಟ್ಯಾಷ್, ಸತು ಮೊದಲಾದ 12 ಅಂಶಗಳಿರುತ್ತವೆ. ಒಂದು ಚೀಟಿಯಿಂದ ಆ ವರ್ಷದ ಗೊಬ್ಬರದ ಲೆಕ್ಕ ಮಾತ್ರ ಸಿಗುತ್ತದೆ. ಮೂರು ನಾಲ್ಕು ಚೀಟಿಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಸಾವಯವ ಇಂಗಾಲ ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದು ಕಾಣುತ್ತದೆ. ಮಾಹಿತಿ ಹಳೆಯದಾದಷ್ಟೂ ಬೆಲೆ ಏರುವುದು ಹೀಗೆ.

ಇಂಗ್ಲೆಂಡಿನ ರಾಥ್‌ಹ್ಯಾಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ 'ಬ್ರಾಡ್‌ಬಾಕ್' ಎಂಬ ಗೋಧಿಯ ತಾಕಿನಲ್ಲಿ 1843ರಿಂದ ಒಂದೇ ಪ್ರಯೋಗ ನಡೆಯುತ್ತಿದೆ. ಯಾವ ಮಡಿಗೆ ಯಾವ ಗೊಬ್ಬರ, ಎಷ್ಟು ಇಳುವರಿ ಎಂದು ವರ್ಷ ವರ್ಷವೂ ಬರೆದಿಟ್ಟಿದ್ದಾರೆ. ಮಣ್ಣು, ಹುಲ್ಲು, ಕಾಳಿನ ಮಾದರಿಗಳನ್ನೂ ಬಾಟಲಿಗಳಲ್ಲಿ ಇಟ್ಟಿದ್ದಾರೆ. ಎಪ್ಪತ್ತು ವರ್ಷಕ್ಕೂ ಮಿಕ್ಕು ಕೂಡಿಬಿದ್ದ ಆ ಲೆಕ್ಕಪತ್ರವನ್ನು ಬಿಡಿಸಲೆಂದೇ 1919ರಲ್ಲಿ ಆರ್. ಎ. ಫಿಶರ್ ಎಂಬ ತರುಣ ಗಣಿತಜ್ಞರನ್ನು ನೇಮಿಸಿಕೊಂಡರು. ಕೈಯಿಂದ ತಿರುಗಿಸುವ ಲೆಕ್ಕದ ಯಂತ್ರ ಇಟ್ಟುಕೊಂಡು ಅವರು ಮಾಡಿದ ಕೆಲಸದಿಂದ ಹೊಲದ ಪ್ರಯೋಗಗಳ ಸಂಖ್ಯಾಶಾಸ್ತ್ರವೇ ಹುಟ್ಟಿತು. 1954ರಲ್ಲಿ ಅದೇ ಕೇಂದ್ರಕ್ಕೆ ಎಲಿಯಟ್ 401 ಎಂಬ ಗಣಕಯಂತ್ರ ಬಂತು. ಇಂದು ಯಾವ ತಳಿ ಮೇಲು ಎಂದು ವಿಶ್ವವಿದ್ಯಾನಿಲಯಗಳು ಹೇಳುವ ಶಿಫಾರಸುಗಳ ಹಿಂದೆ ಈ ವಿಧಾನಗಳೇ ಇವೆ. 1843ರಲ್ಲಿ ಬರೆದಿಟ್ಟವರಿಗೆ ಗಣಕಯಂತ್ರದ ಕಲ್ಪನೆಯೂ ಇರಲಿಲ್ಲ. ಅವರು ಮಾಡಿದ್ದು ಬಿಡದೆ ಬರೆದದ್ದು, ಒಂದೇ ರೀತಿಯಲ್ಲಿ ಬರೆದದ್ದು.

ಫೋನಿನಲ್ಲಿ ಬರೆಯಲು ಬೇಸರವಾದರೆ ಇನ್ನೂರು ಪುಟದ ನೋಟುಪುಸ್ತಕ ಸಾಕು. ತಿಂಗಳಿಗೊಮ್ಮೆ ಅದರ ಪುಟಗಳ ಚಿತ್ರ ತೆಗೆದರಾಯಿತು. ಹಳ್ಳಿಯ ಮಟ್ಟಿಗೆ ಇದೇ ಹೆಚ್ಚು ನಡೆಯುವ ದಾರಿ. ಚಿತ್ರಕ್ಕೆ ಹೆಸರು ಕೊಡುವಾಗ ಮೊದಲು ವರ್ಷ, ಆಮೇಲೆ ತಿಂಗಳು, ದಿನ, ಸರ್ವೆ ನಂಬರು, ವಿಷಯ ಬರುವಂತೆ, ಉದಾಹರಣೆಗೆ '2025-07-14-42-ರಾಗಿ ಬಿತ್ತನೆ' ಎಂದು ಕೊಟ್ಟರೆ ಯಂತ್ರವು ತಾನೇ ಕಾಲಕ್ರಮದಲ್ಲಿ ಜೋಡಿಸುತ್ತದೆ.

ಕನ್ನಡ ಬರಹದ ಒಂದು ತೊಡಕು

ಹತ್ತು ಹದಿನೈದು ವರ್ಷಗಳ ಹಿಂದೆ ಬೆರಳಚ್ಚು ಅಂಗಡಿಯಲ್ಲಿ ಮಾಡಿಸಿದ ಕರಾರುಪತ್ರವನ್ನೋ ಸಂಘದ ಲೆಕ್ಕವನ್ನೋ ಈಗ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ರೋಮನ್ ಅಕ್ಷರಗಳು ಕಾಣುವುದುಂಟು. ಕಡತ ಕೆಟ್ಟಿದೆಯೆಂದು ಅಳಿಸಿಬಿಡುವವರಿದ್ದಾರೆ. ಅದು ಕೆಟ್ಟಿಲ್ಲ. ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ ಆವೃತ್ತಿಗಳಲ್ಲಿ ಕನ್ನಡದ ಅಕ್ಷರತುಂಡುಗಳನ್ನು ರೋಮನ್ ಅಕ್ಷರಗಳ ಸ್ಥಾನದಲ್ಲಿ ಕೂರಿಸಿದ್ದರು. ಆ ಅಕ್ಷರಮಾದರಿ ಯಂತ್ರದಲ್ಲಿಲ್ಲದಿದ್ದರೆ ಒಳಗಿನ ರೋಮನ್ ಅಕ್ಷರವೇ ಹೊರಗೆ ಕಾಣುತ್ತದೆ. ಯುನಿಕೋಡ್ ಎಂಬ ಜಾಗತಿಕ ಪದ್ಧತಿಯಲ್ಲಿ 1991ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ ಸ್ವಂತ ಸ್ಥಾನಗಳಿವೆ. ಅದರಲ್ಲಿ ಬರೆದದ್ದು ಯಾವ ಫೋನಿನಲ್ಲೂ ಕನ್ನಡವಾಗಿಯೇ ತೆರೆಯುತ್ತದೆ. ಹಳೆಯ ಕಡತಗಳನ್ನು ಯುನಿಕೋಡಿಗೆ ಬದಲಾಯಿಸುವ ತಂತ್ರಾಂಶಗಳು ಉಚಿತವಾಗಿ ದೊರೆಯುತ್ತವೆ. ಹಾಲಿನ ಸಂಘ, ನೀರು ಬಳಕೆದಾರರ ಸಂಘಗಳ ಕಾರ್ಯದರ್ಶಿಗಳು ಈ ಕೆಲಸವನ್ನು ಮುಂದೆ ಹಾಕದಿರುವುದು ಒಳ್ಳೆಯದು.

ಬೆಳೆ ಸಮೀಕ್ಷೆ ಮತ್ತು ವಿಮೆ

ನಮ್ಮ ರಾಜ್ಯದಲ್ಲಿ ತಾಕುವಾರು ಬೆಳೆ ಸಮೀಕ್ಷೆಯನ್ನು ಈಗ ಫೋನಿನ ಮೂಲಕವೇ ಮಾಡಲಾಗುತ್ತಿದೆ. 2020ರಿಂದ ರೈತರು ತಾವೇ ತಮ್ಮ ಹೊಲದಲ್ಲಿ ನಿಂತು ಚಿತ್ರ ತೆಗೆದು ವಿವರ ತುಂಬುವ ಅವಕಾಶವಿದೆ. ಪಹಣಿಯ ಬೆಳೆ ಕಲಮು, ಬೆಂಬಲಬೆಲೆಯ ಖರೀದಿ, ಬೆಳೆಹಾನಿ ಪರಿಹಾರ, ಬೆಳೆವಿಮೆ ಎಲ್ಲವೂ ಈ ಒಂದು ವಿವರವನ್ನು ಆಧರಿಸಿ ನಡೆಯುತ್ತವೆ. ರೈತ ವಿಮೆ ಕಟ್ಟಿದ್ದು ತೊಗರಿಗೆ, ಸಮೀಕ್ಷೆಯಲ್ಲಿ ದಾಖಲಾದದ್ದು ಹೆಸರು ಎಂದಾದರೆ, ಬೆಳೆ ನಿಜವಾಗಿ ಒಣಗಿಹೋಗಿದ್ದರೂ ಪರಿಹಾರಕ್ಕೆ ತಡೆ ಬೀಳುತ್ತದೆ. ಮಿಶ್ರಬೆಳೆ, ಅಕ್ಕಡಿ ಸಾಲಿನ ಹೊಲಗಳಲ್ಲಿ ಈ ತಪ್ಪಿಗೆ ಹೆಚ್ಚು ಎಡೆಯಿದೆ. ದಾಖಲಾದ ಬೆಳೆಯನ್ನು 'ಬೆಳೆ ದರ್ಶಕ' ತಂತ್ರಾಂಶದಲ್ಲಿ ನೋಡಬಹುದು. ತಪ್ಪಿದ್ದರೆ ಆಕ್ಷೇಪಣೆಯ ಅವಧಿಯೊಳಗೇ ತಿಳಿಸಬೇಕು. ಅವಧಿ ಮುಗಿದ ಮೇಲೆ ಕಚೇರಿ ಸುತ್ತುವುದೇ ಆಗುತ್ತದೆ.

2016ರಲ್ಲಿ ಬಂದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಡಿ ಆಲಿಕಲ್ಲು ಮಳೆ, ಭೂಕುಸಿತದಂತಹ ಸ್ಥಳೀಯ ವಿಕೋಪಗಳಿಂದಾದ ನಷ್ಟವನ್ನು 72 ಗಂಟೆಗಳೊಳಗೆ ತಿಳಿಸಬೇಕು. ಆಗ ಬೇಕಾಗುವುದು ಅರ್ಜಿಯ ಸಂಖ್ಯೆ, ಸರ್ವೆ ನಂಬರು, ಬ್ಯಾಂಕಿನ ವಿವರ ಮತ್ತು ಚಿತ್ರ. ಆಲಿಕಲ್ಲು ಬಿದ್ದ ರಾತ್ರಿ ಇವನ್ನು ಹುಡುಕುತ್ತ ಕುಳಿತರೆ 72 ಗಂಟೆ ಬೇಗ ಕಳೆಯುತ್ತದೆ. ಈ ಸಂಖ್ಯೆಗಳನ್ನು ಒಂದು ರಟ್ಟಿನ ಮೇಲೆ ಬರೆದು ಬಾಗಿಲ ಹಿಂದೆ ಅಂಟಿಸುವುದು ಯಾವ ತಂತ್ರಾಂಶಕ್ಕೂ ಕಡಿಮೆಯಾದ ಉಪಾಯವಲ್ಲ. ಗುಪ್ತಸಂಖ್ಯೆಯನ್ನು ಮಾತ್ರ ಅಲ್ಲಿ ಬರೆಯಕೂಡದು.

ಬೀಗದ ಕೈ ಯಾರ ಹತ್ತಿರ?

ಹಿಂದೆ ರೈತ ಶಾನುಭೋಗರನ್ನು ನೆಚ್ಚಿಕೊಂಡಿದ್ದ. ಈಗ ಅನೇಕ ಕಡೆ ಸೈಬರ್ ಅಂಗಡಿಯ ಹುಡುಗನನ್ನು ನೆಚ್ಚಿಕೊಂಡಿದ್ದಾನೆ. ರೈತರ ನೋಂದಣಿ ಸಂಖ್ಯೆ, ಪಿಎಂ–ಕಿಸಾನ್ ಅರ್ಜಿ, ವಿಮೆ ಎಲ್ಲವನ್ನೂ ಆತನೇ ತುಂಬುತ್ತಾನೆ. ಗುಪ್ತಪದವೂ ಆತನದೇ, ಕೆಲವೊಮ್ಮೆ ಫೋನ್ ನಂಬರೂ ಆತನದೇ. ಆತ ಪ್ರಾಮಾಣಿಕನಾಗಿರಬಹುದು. ಆದರೆ ಅಂಗಡಿ ಮುಚ್ಚಿ ಊರು ಬಿಟ್ಟರೆ ರೈತನ ಕಣಜದ ಬೀಗದ ಕೈಯೂ ಜೊತೆಗೆ ಹೋಗುತ್ತದೆ. ಅರ್ಜಿಗೆ ಕೊಡುವ ಫೋನ್ ನಂಬರು ಮನೆಯವರದೇ ಆಗಿರಬೇಕು. 90 ದಿನ ಬಳಸದೆ ಬಿಟ್ಟ ಸಿಮ್ಮನ್ನು ಕಂಪನಿ ರದ್ದುಮಾಡಬಹುದು. ಆಮೇಲೆ ಅದೇ ನಂಬರು ಬೇರೆಯವರಿಗೆ ಹೋಗಿ, ರೈತನ ಬ್ಯಾಂಕಿನ ಸಂದೇಶಗಳು ಅಪರಿಚಿತರ ಫೋನಿಗೆ ಬರತೊಡಗುತ್ತವೆ. ಹೀಗಾಗದಂತೆ ನಂಬರು ಬದಲಾದ ಕೂಡಲೇ ಬ್ಯಾಂಕು, ಆಧಾರ್ ಮತ್ತು ಇತರ ಕಡೆ ಬದಲಾಯಿಸಬೇಕು.

ಮನೆಯೊಳಗಿನ ಬೀಗದ ಕೈಯ ವಿಚಾರವೂ ಇದೆ. ಎಷ್ಟೋ ಮನೆಗಳಲ್ಲಿ ಹೊಲದ ಕೆಲಸದ ಬಹುಪಾಲು ಹೆಂಗಸರದು, ಫೋನು ಮಾತ್ರ ಗಂಡಸರ ಜೇಬಿನಲ್ಲಿ. ಯಜಮಾನ ಹಠಾತ್ತನೆ ತೀರಿಕೊಂಡರೆ ಹೆಂಡತಿಗೆ ಫೋನು ತೆರೆಯುವುದು ಹೇಗೆಂದೂ ತಿಳಿದಿರುವುದಿಲ್ಲ. ಪೌತಿ ಖಾತೆ, ವಿಮೆ, ಸಾಲದ ಲೆಕ್ಕ ಎಲ್ಲಕ್ಕೂ ಅದೇ ಫೋನು ಬೇಕಾಗುವ ಹೊತ್ತು ಅದು. ಫೋನಿನ ಗುಪ್ತಸಂಖ್ಯೆಯನ್ನು ಗಂಡ ಹೆಂಡತಿ ಇಬ್ಬರೂ ತಿಳಿದಿರುವುದು, ದಾಖಲೆಗಳಿರುವ ಜಾಗವನ್ನು ಬೆಳೆದ ಮಕ್ಕಳಿಗೆ ಹೇಳಿರುವುದು ಸಂಕೋಚಪಡುವ ಸಂಗತಿಯಲ್ಲ.

ಹೊರಗಿನ ಕಳ್ಳರು ಬೇರೆ ಬಗೆಯವರು. 2019ರಲ್ಲಿ ಆರಂಭವಾದ ಪಿಎಂ–ಕಿಸಾನ್ ಯೋಜನೆಯ ಕಂತು ಬಂದಿದೆ, ಈ ತಂತ್ರಾಂಶ ಹಾಕಿಕೊಳ್ಳಿ ಎಂದು ವಾಟ್ಸಾಪಿನಲ್ಲಿ ಕಡತ ಕಳಿಸುತ್ತಾರೆ. 'ಎಪಿಕೆ' ಎಂದು ಕೊನೆಯಾಗುವ ಆ ಕಡತವನ್ನು ಒತ್ತಿ ಒಳಗೆ ಬಿಟ್ಟುಕೊಂಡರೆ ಫೋನಿಗೆ ಬರುವ ಸಂದೇಶಗಳನ್ನೆಲ್ಲ ಅದು ಕಳ್ಳರಿಗೆ ರವಾನಿಸಬಲ್ಲದು. ಸರ್ಕಾರದ ಯಾವ ಇಲಾಖೆಯೂ ತಂತ್ರಾಂಶವನ್ನು ಹೀಗೆ ಹಂಚುವುದಿಲ್ಲ. ಬೆರಳಚ್ಚಿನ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಗುಪ್ತಸಂಖ್ಯೆ ಕಳುವಾದರೆ ಬದಲಾಯಿಸಬಹುದು, ಬೆರಳನ್ನು ಬದಲಾಯಿಸಲಾಗದು. ನೋಂದಣಿ ಪತ್ರಗಳಲ್ಲಿನ ಬೆರಳಚ್ಚನ್ನು ಕದ್ದು ಆಧಾರ್ ಮೂಲಕ ಖಾತೆಯ ಹಣ ತೆಗೆದ ಪ್ರಕರಣಗಳು ನಮ್ಮ ದೇಶದಲ್ಲಿ ನಡೆದಿವೆ. ಆಧಾರ್‌ನ ಬೆರಳಚ್ಚಿಗೆ ಬೀಗ ಹಾಕುವ, ಬೇಕಾದಾಗ ತೆರೆಯುವ ಸೌಲಭ್ಯ ಪ್ರಾಧಿಕಾರದಿಂದಲೇ ಇದೆ. ಆಧಾರ್ ಪ್ರತಿ ಕೊಡಬೇಕಾದ ಕಡೆ ಕೊನೆಯ ನಾಲ್ಕು ಅಂಕೆ ಮಾತ್ರ ಕಾಣುವ ಪ್ರತಿಯನ್ನು ಕೊಡಬಹುದು.

ಬೀಜ, ಔಷಧ ಕಂಪನಿಗಳು ಉಚಿತ ಸಲಹೆಯ ತಂತ್ರಾಂಶಗಳನ್ನು ಕೊಡುತ್ತಿವೆ. ಅವುಗಳಲ್ಲಿ ಉಪಯುಕ್ತವಾದವೂ ಇವೆ. ಆದರೆ ರೈತನ ಬೆಳೆ, ವಿಸ್ತೀರ್ಣ, ಕೊಳ್ಳುವ ಶಕ್ತಿ ಇವೆಲ್ಲ ಆ ಕಂಪನಿಗೆ ತಿಳಿಯುತ್ತವೆ ಎಂಬ ಅರಿವಿರಲಿ. 2023ರಲ್ಲಿ ಸಂಸತ್ತು ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯ್ದೆಯನ್ನು ಮಾಡಿದೆ. ಕಾಯ್ದೆ ಏನೇ ಇದ್ದರೂ, ಮಳೆ ಮುನ್ಸೂಚನೆ ತೋರಿಸುವ ತಂತ್ರಾಂಶವು ಫೋನಿನ ಚಿತ್ರಗಳನ್ನೂ ಪರಿಚಿತರ ನಂಬರುಗಳನ್ನೂ ನೋಡಲು ಅನುಮತಿ ಕೇಳಿದರೆ ಬೇಡವೆನ್ನುವುದೇ ಸರಿ. ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳನ್ನು ಕೇಳಿ ಔಷಧದ ಪ್ರಮಾಣ ತಿಳಿಯುವವರೂ ಈಗ ಇದ್ದಾರೆ. ಅಂತಹ ಉತ್ತರ ಎಷ್ಟೇ ನಯವಾಗಿದ್ದರೂ ಡಬ್ಬಿಯ ಮೇಲಿನ ಚೀಟಿಯೊಂದಿಗೆ ತಾಳೆನೋಡದೆ ಸಿಂಪಡಿಸಬಾರದು. ಸಂದೇಹವಿದ್ದಲ್ಲಿ ಕಿಸಾನ್ ಕಾಲ್ ಸೆಂಟರಿನ 1800-180-1551 ಸಂಖ್ಯೆಗೆ ಕರೆ ಮಾಡಿದರೆ ಕನ್ನಡದಲ್ಲೇ ಉತ್ತರ ದೊರೆಯುತ್ತದೆ, ಕರೆಗೆ ಹಣವಿಲ್ಲ.

ಹಣ ಕಳೆದುಕೊಂಡವರು ನಾಚಿಕೆಯಿಂದ ಎರಡು ಮೂರು ದಿನ ಸುಮ್ಮನಿರುವುದು ಸಾಮಾನ್ಯವಾಗಿ ಕಂಡುಬರುತ್ತದೆ. ಕಳ್ಳರು ಹಣವನ್ನು ಒಂದು ಖಾತೆಯಿಂದ ಇನ್ನೊಂದಕ್ಕೆ ಸಾಗಿಸುವುದು ಗಂಟೆಗಳ ಲೆಕ್ಕದಲ್ಲಿ. ತಿಳಿದ ಕೂಡಲೇ 1930 ಸಂಖ್ಯೆಗೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿದರೆ ಹಣ ಇನ್ನೂ ದಾರಿಯಲ್ಲಿರುವಾಗಲೇ ತಡೆಹಿಡಿಯಲು ಸಾಧ್ಯವಿದೆ. ಕರೆ ಮಾಡುವಾಗ ಖಾತೆಯ ಸಂಖ್ಯೆ, ಹಣ ಹೋದ ಸಮಯ ಮತ್ತು ಬ್ಯಾಂಕಿನಿಂದ ಬಂದ ಸಂದೇಶವನ್ನು ಕೈಯಲ್ಲಿ ಇಟ್ಟುಕೊಂಡಿರಬೇಕು.